ದ್ಯಾಮಣ್ಣನ ಪಾಳಿ

ಮಲಿಕ್‌ಸಾಬನ ಜೆರಾಕ್ಸ್ ಅಂಗಡ್ಯಾಗ ಟಿವಿ ಹಚ್ಚಿತ್ತು.
ಯಾವುದೋ ದೇಶ, ಹಸರು ಮೇಜು,
ರಾತ್ರ್ಯಾಗೂ ಕರೇ ಚಾಳೀಸು ಹಾಕ್ಕೊಂಡ ಹುಡುಗ್ರು.
ಮುಂದ ಬಣ್ಣದ ಬಿಲ್ಲಿ ಗುಡ್ಡದಂಗ,
ಮೂಲ್ಯಾಗ ಒಂದು ಗಡಿಯಾರ:
ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು…
ಹತ್ತಕ್ಕ ಬಂದ್ರ ಕೆಂಪಾಗತೈತಿ.
ಸೊನ್ನಿಗೆ ಬಂದ್ರ ಕೈಯಾಗಿನ ಎಲಿ
ಜೀವ ಇದ್ದಂಗ ಸತ್ತಂಗ.

"ಇದು ಬೇಕ್ರಿ ನಮ್ಮ ದ್ಯಾಮಣ್ಣಗ" ಅಂದ ವಿಠ್ಠಲ ಕಾಟವಾ.
ನಾವು ನಕ್ಕಿವಿ.
ದ್ಯಾಮಣ್ಣನೂ ನಕ್ಕ, ಸ್ವಲ್ಪ ತಡಮಾಡಿ.

ಹನ್ನೊಂದು ವರ್ಷ ಆತು.
ಬಾಗಲಕೋಟಿ ನವನಗರ, ಅಂಗಡಿ ಶಟರ್ ಇಳದ ಮ್ಯಾಲ
ಕಟ್ಟಿಗೆ ನಾಕು ಮಂದಿ, ತಲಿಗೆ ಹದಿಮೂರು ಎಲಿ.
ರೊಕ್ಕ ಇಲ್ಲ, ಹುಣಸಿ ಬೀಜ.
ದ್ಯಾಮಣ್ಣನ ಪಾಳಿ ಬಂತಂದ್ರ
ಎಲಿ ಬೀಸಣಿಕಿಯಂಗ ಬಿಚ್ಚತಾನ,
ಒಂದು ತಗೀತಾನ, ಅಲ್ಲೇ ಇಡತಾನ,
ಮತ್ತೊಂದು ಮುಟ್ಟತಾನ.
ಸಿಮೆಂಟ್ ಫ್ಯಾಕ್ಟರಿ ತೂಕದ ಕಾಟಾದ ಮುಂದ
ಮುಳ್ಳು ಪೂರಾ ನಿಲ್ಲೂತನಕ ಚೀಟಿ ಬರೀದಂವ,
ಲಾರಿ ಹಾರ್ನ್ ಎಷ್ಟ ಹೊಡದ್ರೂ.

ನಾನು ಬಸ್‌ಸ್ಟ್ಯಾಂಡಿನ ಟೈಮ್ ಕೀಪರ್.
ಇಳಕಲ್ ಬಿಡ್ರಿ, ಜಮಖಂಡಿ ಬಿಡ್ರಿ ಅಂತ
ಗಂಟು ಹೊತ್ತು ಓಡಿ ಬರೂ ಮುದುಕಿ ಕಂಡ್ರೂ
ಸೀಟಿ ಊದಿದಂವ.
ಮರುದಿನ ನಾನ ತಂದೆ ಗಡಿಯಾರ:
ಮೊಮ್ಮಗಳು ಹಲ್ಲು ತಿಕ್ಕಾಕಂತ ಕೊಡಿಸಿದ
ಕ್ವಾಕ್ ಅಂತ ಒದರೂ ಪ್ಲಾಸ್ಟಿಕ್ ಬಾತುಕೋಳಿ.
ಟಿವ್ಯಾಗಿನಂಗ ಮೂವತ್ತ ಸೆಕೆಂಡು.
ಹೆಚ್ಚಿನ ಹೊತ್ತು ಬೇಕಂದ್ರ
ತಲಿಗೆ ಮೂರು ಅಂಗಿ ಗುಂಡಿ. ಕೊಟ್ರ ಮುಗೀತು.

ದ್ಯಾಮಣ್ಣನ ಗುಂಡಿ ಮೊದಲನೇ ಆಟಕ್ಕ ಖಾಲಿ.
ಆಮ್ಯಾಲ ಬಾತುಕೋಳಿ ಒದರತು,
ಅಂವ ಬೆಚ್ಚಿಬಿದ್ದು ಜೋಕರ್ ಒಗದ.
ಜೋಕರ್! ಹನ್ನೊಂದು ವರ್ಷದಾಗ
ಯಾರೂ ಒಗದಿದ್ದಿಲ್ಲ.
ಮರುದಿನ ಬದಾಮ ರಾಣಿ. ಅದರ ಮರುದಿನ
ಕೂಡಿಸಿದ ಸಾಲು ತಾನ ಮುರಕೊಂಡ.

ಹಳೇ ಊರಾಗ ನೋಟಿಸು ಬಂದಾಗೂ
ಹಿಂಗ ತಡಮಾಡಿದ್ದನಂತ ಇಂವ.
ಓಣಿ ಪೂರಾ ಖಾಲಿಯಾದ್ರೂ ಒಬ್ಬನ ಕೂತು,
ಹಿನ್ನೀರು ಮೆಟ್ಟಲಕ್ಕ ಬಂದ ಮ್ಯಾಲ
ಬಾಗಲದ ಹಲಗಿ ಬಿಚ್ಚಿ ಹೊತ್ತು ತಂದ.
ಆ ಹಲಗಿ ಮ್ಯಾಲ ಈಗ ನಾವು ಎಲಿ ಹಾಕೂದು.

ಆಟ ಏಳಕ್ಕ ಚಾಲೂ, ಎಂಟಕ್ಕ ಖಲಾಸ್.
ಮುಂದ?
ಎಂಟು ಕೈ, ಏನು ಮಾಡಬೇಕು ತಿಳೀವಲ್ದು.
ಮಲಿಕ್‌ಸಾಬ ಕೀಲಿ ಜಗ್ಗಿ ನೋಡಿದ, ಮತ್ತ ಜಗ್ಗಿದ.
ವಿಠ್ಠಲ ಸೊಳ್ಳಿ ಹೊಡದ,
ಇರಲಾರದ ಸೊಳ್ಳಿ.

ಗಾಡಿ ಬಿಡೂದ ಗೊತ್ತಿದ್ದ ನನಗ
ಆಗ ಹೊಳೀತು:
ನಾವು ಮಾತಾಡಿದ್ದೆಲ್ಲಾ ಇವನ ಪಾಳ್ಯಾಗ.
ತಂಗಿ ಕೂಡ ಮಾತು ಬಿಟ್ಟದ್ದು ಮಲಿಕ್‌ಸಾಬ ಹೇಳಿದ್ದು
ಇಂವ ಕಳಾವರ ಸತ್ತಿ ತೂಗಕೋತ ಕೂತಾಗ.
ವಿಠ್ಠಲನ ಮಗ್ಗ ಗುಜರಿಗೆ ಹೋದ ಸುದ್ದಿ
ಅದ ಸತ್ತಿ ತಿರುಗಿ ಕೈಗೆ ಸೇರೂದ್ರಾಗ ಬಂತು.
ಆ ಮುದುಕಿ ಸಂಗತಿ ನಾ
ಹೆಂಡ್ತಿಗೂ ಹೇಳಿದ್ದಿಲ್ಲ.
ಒಂದು ಸಂಜಿ ಇಲ್ಲೇ ಬಾಯಿಬಿಟ್ಟೆ.
ದ್ಯಾಮಣ್ಣ ಎಲಿಯಿಂದ ಕಣ್ಣೆತ್ತದ ಹೂಂ ಅಂದ.
ಯಾವ ಊರಿನ ಬಸ್ಸು, ಅಂತ
ಎರಡು ದಿನ ಬಿಟ್ಟು ಕೇಳಿದ.

ನಿನ್ನೆ ಬಾತುಕೋಳಿ ಮನ್ಯಾಗ ಬಿಟ್ಟು ಬಂದೆ.
ಮರತೆ, ಅಂದೆ.
ಯಾರೂ ನಂಬಲಿಲ್ಲ, ಯಾರೂ ಹೋಗಿ ತಾ ಅನ್ನಲಿಲ್ಲ.
ದ್ಯಾಮಣ್ಣ ಎಲಿ ಬಿಚ್ಚಿದ.
ಒಂದು ತಗದ. ದೀಪಕ್ಕ ಹಿಡದ. ಇಟ್ಟ.
ಸೊಲ್ಲಾಪುರದ ಗಾಡಿ ಎಲ್ಲೋ ದೂರ ಕೂಗಿತು.
ಮಲಿಕ್‌ಸಾಬ ಬೀಜ ಎಣಿಸಿದ, ಚಲ್ಲಿದ, ಮತ್ತ ಎಣಿಸಿದ,
ಗಂಟಲಾ ಸರಿಮಾಡಕೊಂಡ:

"ತಂಗಿ ಫೋನ್ ಬಂದಿತ್ತು, ಮುಂಜಾನೆ."

ಎಲಿ ಇನ್ನೂ ಬಿದ್ದಿಲ್ಲ.